ಬಿಗಿ ಎಷ್ಟಿರಲಿ

ಐವತ್ತೆರಡು ಪೌಂಡು ಸಾಕು, ಹುಡುಗಿ.
ನಿನ್ನ ಮಣಿಕಟ್ಟು ಇನ್ನೂ ಹೀಚು ಸವತೀಕಾಯಿ.
ಕೂಡು ಆ ಸ್ಟೂಲಿನ ಮ್ಯಾಲೆ. ಎಳಿ ಮುಟ್ಟಬ್ಯಾಡ.

ಮೊದಲು ಹಾಸು, ಆಮ್ಯಾಲೆ ಹೊಕ್ಕು —
ಇದನ್ನ ಯಾವ ಅಕಾಡೆಮಿನೂ ಕಲಿಸಲಿಲ್ಲ ನನಗ.
ಅಪ್ಪ ಕಲಿಸಿದ, ಮಗ್ಗದ ಮುಂದ,
ಸೊಲ್ಲಾಪುರದ ಚಾದರಿಗೆ ನವಿಲು ಇಳಿಸಿಕೋತ.
ಮಿಲ್ಲಿನ ಭೋಂಗಾ ಕೂಗೂದರಾಗ
ಮುನ್ನೂರು ಸಲ ಹೊಡೆದಿರ್ತಿದ್ದೆ
ಕ್ಲಬ್ಬಿನ ಹೊರಗಿನ ಗ್ವಾಡಿಗೆ.
ಒಳಗ ಬಿಡಲಿಕ್ಕೆ ಇನ್ನೂ ಎರಡು ವರ್ಷ ಇತ್ತು.

ನಾನೂರಾ ಹನ್ನೆರಡು.
ಜಗತ್ತಿನಾಗ ನನ್ನ ನಂಬರು, ಒಂದ ಒಂದು ವಾರ.
ಪೇಪರಿನವರು ಫೋಟೋ ಹಾಕೂದರಾಗ
ನಾನೂರಾ ಮೂವತ್ತಕ್ಕ ಜಾರಿದ್ದೆ.

ತಾಷ್ಕೆಂಟಿನಾಗ ಅಂಪೈರ್
ನೀಲಾಂಬಿಕಾ ಹಂಜಗಿ ಅನ್ನಲಿಕ್ಕೆ ಬರದ
ಸುಮ್ಮ ಕೈ ತೋರಿಸಿದ, ಈ ಕಡೆಯಾಕಿ, ಅಂತ.
ಚೀಲದಾಗ ಅವ್ವನ ಕಡಕ ರೊಟ್ಟಿ, ಶೇಂಗಾ ಹಿಂಡಿ.
ಸೋತ ಮ್ಯಾಲೆ ಗೆದ್ದಾಕಿಗೂ ಕೊಟ್ಟೆ.
ಅವತ್ತು ಕಣ್ಣೀರು ಹಾಕಿದಾಕಿ ಅಕಿ,
ನಾ ಅಲ್ಲ.

ಮೊಣಕಾಲಿನ ಮಾತು ಬ್ಯಾಡ.
ಹವಾಮಾನದವರಿಗಿಂತ ಮೊದಲ ಮಳಿ ಹೇಳತದ, ಅಷ್ಟ.

ಇಷ್ಟು ತಿರುಗಿ ಏನ ತಂದಿ, ಅಂತ
ಅಪ್ಪ ಕೇಳಿದ್ದು ಒಂದ ಸಲ.
ಹರಿದ ತಂತಿ ಕೈಯಾಗಿಟ್ಟೆ.
ಬೆರಳಾಗ ಹೊರಳಿಸಿ ನೋಡಿ
'ನೂಲು ಚೊಲೋ ಅದ. ಗಂಟು ಸುಳ್ಳು' ಅಂದು
ಚಾ ಕುಡಿಯಾಕ ಹೋದ.

ಇಗೋ, ಗಂಟು.
ಇನ್ನೂರು ರೂಪಾಯಿ. ಚಿಲ್ಲರೆ ಇಲ್ಲಂದ್ರ ನಾಳೆ ಕೊಡು.
ಈಗ ಹೋಗಿ ಗ್ವಾಡಿಗೆ ಹೊಡಿ —
ಅದರಷ್ಟು ತಪ್ಪದ ಚೆಂಡು ತಿರುಗಿಸೂ ಆಟಗಾರತಿ
ಹನ್ನೊಂದು ದೇಶದಾಗ ನನಗ ಸಿಗಲಿಲ್ಲ.