ಹದಿನಾಲ್ಕನೆಯ ಹಾಸಿಗೆ

ಬೈತಖೋಲಿಗೆ ಡಾಂಬರು ತಂದ ಹಡಗಿನವನು.
ಹೊಟ್ಟೆನೋವೆಂದು ಇಳಿಸಿ, ಕೊಯ್ಸಿ, ಹೊಲಿಸಿ
ನಮ್ಮ ವಾರ್ಡಿನಲ್ಲಿ ಬಿಟ್ಟುಹೋಗಿದ್ದಾರೆ.
ಇವತ್ತು ನಡೆಸಲೇಬೇಕು ಸಿಸ್ಟರ್, ಅಂದರು ಡಾಕ್ಟರು,
ರೌಂಡ್ಸು ಮುಗಿಸಿ ಹೋದರು.

ಅವನಿಗೆ ಬರುವ ಇಂಗ್ಲಿಷು: ಓಕೆ, ಕ್ಯಾಪ್ಟನ್, ನೋ.
ಮೊಬೈಲಿಗೆ ಕನ್ನಡದಲ್ಲೇ ಹೇಳಿದೆ, ಏಳು.
ಅದು ಸ್ಪ್ಯಾನಿಷಿನಲ್ಲಿ ಒದರಿತು, ಸಿಯೆತೆ.
ಅವನು ನನ್ನ ಮುಖ ನೋಡಿದ.
ಒಂದು ಕೈ ಪೂರ್ತಿ, ಇನ್ನೊಂದರದು ಎರಡು ಬೆರಳು
ಎತ್ತಿ, ಹೊಟ್ಟೆಯತ್ತ ಕಣ್ಣು ತೋರಿಸಿ, ಹೌದೆಂದ.
ನೋವು ಹತ್ತಕ್ಕೆ ಏಳು
ಎಂದು ಚಾರ್ಟಿನಲ್ಲಿ ಬರೆದುಕೊಂಡೆ.

ನೆಲ ಒರೆಸುತ್ತಿದ್ದ ಸುಬ್ಬಿ ಹರಿಕಂತ್ರ
ಕೋಲು ಗೋಡೆಗೊರಗಿಸಿ ಬಂದಳು:
"ಊಟ್ ರೆ ಪುತಾ."
ಪಕ್ಕದ ಹಾಸಿಗೆಯ ಹಳಿಯಾಳದ ಅಜ್ಜ
ಊಟ ಬಂತೆಂದು ತಟ್ಟೆ ತೆಗೆದ.

"ಎದ್ದು ನಿಲ್ಲಪ್ಪ" ಅಂದದ್ದಕ್ಕೆ ಕೊನೆಗೂ
ಮೊಬೈಲು ನೆಟ್ಟಗೆ ನುಡಿಯಿತು, ಲೆವಾಂತಾತೆ.
ಅವನು ಕಣ್ಣು ಮುಚ್ಚಿಕೊಂಡ.
ಯಾರು ಹಾಗೆಂದು ಎಬ್ಬಿಸುತ್ತಿದ್ದರೋ, ಯಾವ ಶಾಲೆಗೋ.
ಕೇಳಲು ನನ್ನಲ್ಲಿ ಮಾತೆಲ್ಲಿ?
ಇಡೀ ಭಾರ ನನ್ನ ಹೆಗಲಿಗೆ ಬಿತ್ತು.
ಕಿಟಕಿಗೆ ಹನ್ನೊಂದು ಹೆಜ್ಜೆ.
ಹಡಗು ನಿಂತಿದ್ದ ಜಾಗದಲ್ಲಿ
ನೀರಿತ್ತು.

ನಾಲ್ಕನೆಯ ದಿನ ರಾತ್ರಿಪಾಳಿ. ಸ್ಟೂಲಿನ ಮೇಲೆ
ಯಾವಾಗ ಕಣ್ಣು ಹತ್ತಿತೋ.
"ಏಲು."
ಳಕಾರ ತಿರುಗದ ನಾಲಿಗೆ. "ಏಲು, ಸಿಸ್ಟರ್."
ಗಡಿಯಾರದಲ್ಲಿ ಇನ್ನೂ ಆರೂ ನಲವತ್ತು.
ಅವನು ಎರಡೂ ಕೈಯ ಏಳು ಬೆರಳೆತ್ತಿಕೊಂಡು
ಮಂಚ, ಗೋಡೆ, ಸಲಾಯಿನ್ ಕಂಬ
ಯಾವುದನ್ನೂ ಹಿಡಿಯದೆ ನಿಂತಿದ್ದ.