ಅಮಾಸಿ ವಹಿ

ಅಮಾಸಿ ರಾತ್ರಿ ಅಡವಿಗೆ ಯಾರು ಹೋಗುತ್ತಾರೆ?
ನಾವು ಹೋಗುತ್ತೇವೆ.
ಚಿಂಚೋಳಿ ದಾಟಿ, ಚಂದ್ರಂಪಳ್ಳಿ ಡ್ಯಾಮಿನ ಆಚೆ,
ಮಶಾಕನ ಟಂಟಂನಲ್ಲಿ ಐದು ಮಂದಿ,
ಒಂದು ಬಿಳಿ ಚಾದರ, ಎರಡು ಗಳ, ಬ್ಯಾಟರಿ, ಬಲ್ಬು,
ಬುತ್ತಿಗಂಟು,
ನನ್ನ ತೊಡೆಯ ಮೇಲೆ ಕೆಂಪು ಬಟ್ಟೆ ಹೊದಿಸಿದ ಉದ್ದನೆ ವಹಿ.

ಕಲಬುರಗಿ ಗಂಜಿನ ಅಡತಿಯಲ್ಲಿ
ಮೂವತ್ತು ವರ್ಷ ತೊಗರಿ ಚೀಲ ಬರೆದ ಕೈ ಇದು.
ಈಗ ಪತಂಗ ಬರೆಯುತ್ತದೆ:
ತಾರೀಖು, ತಾಸು, ಗಾಳಿ, ಎಷ್ಟು ಬಂದವು.
ತೂಕದ ಕಾಲಂ ಮಾತ್ರ ಖಾಲಿ.

ಮಿರಗ ಕೂಡಿದ ಅಮಾಸಿಗೆ
ಚಾದರವೇ ಕಾಣಲಿಲ್ಲ.
ಕಾಲರಿನೊಳಗೆ, ಕಿವಿಯ ಸಂದಿಯಲ್ಲಿ,
ಖಮರುನ್ನಿಸಾ ಟೀಚರ ಕನ್ನಡಕದ ಮೇಲೆ,
ಚಹಾದ ಲೋಟದಲ್ಲಿ ಎರಡು.
"ಬರಕೊಳ್ರೀ, ಚಹಾದಾಗಿನವೂ ಲೆಕ್ಕದಾಗ ಬರ್ತಾವ."
ಬರೆದುಕೊಂಡೆ. ಚಹಾ ಚೆಲ್ಲಿದೆ.

ಪುಸ್ತಕದ ಹೆಸರುಗಳು ನಮ್ಮ ನಾಲಿಗೆಗೆ ಹತ್ತಲಿಲ್ಲ.
ಹತ್ತುವ ತನಕ ಇರಲಿ ಅಂತ ನಾವೇ ಇಟ್ಟೆವು:
ಶಹಾಬಾದಿ, ಅದು ಹಾಸುಗಲ್ಲಿನ ಬಣ್ಣ,
ಕಲ್ಲಿನ ಮೇಲೆ ಕೂತರೆ ಕಲ್ಲೇ.
ಬಿದರಿ, ಕರಿಮೈಗೆ ಬೆಳ್ಳಿಯ ಎಳೆ.
ಜೋಳದ ಹೊಟ್ಟು, ಉಫ್ ಎಂದರೆ ಇಲ್ಲ.
ಬೆನ್ನ ಮೇಲೆ ತಲೆಬುರುಡೆ ಹೊತ್ತದ್ದೊಂದು,
ಮುಟ್ಟಿದರೆ ಚೀರುತ್ತಿತ್ತು.
ಅಂಬಾರಾಯ ಅದಕ್ಕೆ ತನ್ನ ಹೆಡ್‌ಮಾಸ್ತರರ ಹೆಸರಿಟ್ಟ,
ಇಟ್ಟವನು ಕೈ ಕಟ್ಟಿ ನಿಂತ.

ಉತ್ತರಿ ಮಳೆ ಹೊರಪಾದ ಮೇಲೆ
ಎಳೆ ಹಸಿರಿನದು ಬಂತು, ಗೇಣುದ್ದ,
ಎರಡು ಬಾಲ ಬಿಟ್ಟುಕೊಂಡು, ಅವಸರವಿಲ್ಲದೆ.
"ಇದಕ್ಕ ಬಾಯಿನೇ ಇಲ್ಲ," ಅಂದರು ಟೀಚರು.
"ಒಂದ್ ವಾರ ಇರ್ತದ. ಏನೂ ತಿನ್ನಂಗಿಲ್ಲ."
ಮಶಾಕನ ರೊಟ್ಟಿ ಅರ್ಧಕ್ಕೆ ನಿಂತಿತು.
ಸ್ವಲ್ಪ ಹೊತ್ತು ತಡೆದು,
ಅದಕ್ಕೆ ಬೆನ್ನು ಮಾಡಿ ಕೂತು ಉಳಿದದ್ದು ತಿಂದ.

ಎಳ್ಳಮಾಸಿ. ಹೊಲದಲ್ಲಿ ಚರಗ ಚೆಲ್ಲಿ ಬಂದವರು ನಾವು,
ಕೈಗೆ ಇನ್ನೂ ಭಜ್ಜಿಯ ವಾಸನೆ.
ಥಂಡಿಗೆ ಪೆನ್ನು ಹಿಡಿಯದು.
ಅಡವಿಯ ಅಂಚಿಗೆ ತೊಗರಿ, ಕಾಯಿ ತುಂಬಿ ನಿಂತಿತ್ತು.
ಬಂದದ್ದು ಏಳೋ ಎಂಟೋ;
ಅದರಲ್ಲಿ ಒಂದು ಮಂಕು ಕಂದು, ಉಗುರಿನಷ್ಟು,
ಯಾರೂ ಟಾರ್ಚ್ ತಿರುಗಿಸದಂಥದ್ದು.
"ಕಾಯಿಕೊರಕ," ಅಂದರು ಟೀಚರು. "ತೊಗರೀದು."

ಜಗದೇವಿ ಹತ್ತಿರ ಬಂದಳು.
ಸಣ್ಣವಳಿದ್ದಾಗ ಸಾಲಿನ ಬುಡಕ್ಕೆ ಇಂಥದೇ ಚಾದರ ಹಾಸಿ
ಗಿಡ ಅಲ್ಲಾಡಿಸುತ್ತಿದ್ದರಂತೆ,
ಹಸಿರು ಕೀಡಿ ಆಲಿಕಲ್ಲಿನಂತೆ ಪಟಪಟ,
ಬಕೀಟಿನಲ್ಲಿ ಚಿಮಣಿ ಎಣ್ಣೆ.
"ಇಷ್ಟ್ ವರ್ಷ ಕೊಂದೀನಿ,
ರೆಕ್ಕಿ ಬಂದದ್ದು ಈಗ ನೋಡ್ಲಿಕತ್ತೀನಿ."
ಬೆರಳು ಮುಂದೆ ಮಾಡಿದಳು. ಅದು ಹತ್ತಲಿಲ್ಲ.

ನಾನೂ ಇದನ್ನು ಬಲ್ಲೆ.
ತೂತು ಬಿದ್ದ ಕಾಳು ಅಂಗೈಯಲ್ಲಿ ಉರುಳಿಸಿ
ಕ್ವಿಂಟಾಲಿಗೆ ಇಷ್ಟು ಕಡತ ಅಂತ ಬರೆದಿದ್ದೇನೆ,
ದಿನಾ, ಇದೇ ಅಕ್ಷರದಲ್ಲಿ.
ಈಗ ಬರೆದೆ: ಒಂದು.

ನಸುಕಿಗೆ, ಬಾಲ ಸೀಳಿದ ಕರಿಹಕ್ಕಿ ಏಳುವ ಮೊದಲೇ,
ಚಾದರ ಕೊಡವಬೇಕು;
ತಡವಾದರೆ ಅವಕ್ಕೆ ನಾವೇ ತಾಟು ಬಡಿಸಿದಂತೆ.
ಆ ಕೆಲಸ ಜಗದೇವಿಯದು.
ತುದಿ ಹಿಡಿದು ಮೆಲ್ಲಗೆ,
ಗಿಡ ಅಲ್ಲಾಡಿಸಿ ಬಲ್ಲ ಕೈ.
ಬಿದ್ದವು ಬೀಳಲಿಲ್ಲ,
ಕತ್ತಲು ಉಳಿದ ಕಡೆಗೆ ಹೋದವು.

ಇನ್ನು ಬ್ಯಾಸಿಗಿ.
ಯುಗಾದಿ ಕಳೆದ ಮುಂದಿನ ಅಮಾಸಿ,
ನಡುರಾತ್ರಿಗೂ ಬಂಡೆ ಬಿಸಿ ಉಸಿರು ಬಿಡುತ್ತಿತ್ತು.
ಮೂರು ತಾಸು ಕಾದೆವು.
ಬೆಳ್ಳಗೆ ಚಾದರ, ಬೆಳ್ಳಗೆ ಬಲ್ಬು, ಅಷ್ಟೇ.
"ಸುಮ್ನ ಬಂದಂಗಾತು," ಅಂದ ಅಂಬಾರಾಯ.
"ಅದನ್ನೂ ಬರೀಬೇಕು," ಅಂದರು ಟೀಚರು.

ಅಡತಿಯಲ್ಲಿ ಖಾಲಿ ದಿನಕ್ಕೆ ಅಡ್ಡಗೆರೆ ಹಾಕುತ್ತಿದ್ದೆವು,
ಸೊನ್ನೆ ಬರೆಯುವ ರೂಢಿ ನನಗಿಲ್ಲ.
ಸಾವಕಾಶ ಬರೆದೆ, ದುಂಡಗೆ.
ಮಶಾಕ ಗಾಡಿ ಚಾಲೂ ಮಾಡುವುದರೊಳಗೆ
ಹೊಸ ಹಾಳೆಗೆ ನಾಲ್ಕು ಗೆರೆ ಎಳೆದು
ಮೇಲೆ ಮುಂದಿನ ಅಮಾಸಿಯ ತಾರೀಖು ಹಾಕಿಟ್ಟೆ.