ಹದಿನೇಳನೆಯ ಉತ್ತರಪತ್ರಿಕೆ

ದುರ್ಗಿಗುಡಿ, ಏಪ್ರಿಲ್. ಫ್ಯಾನು ತಿರುಗುವುದು
ಸದ್ದಿಗಷ್ಟೇ.
ಹದಿನಾರು ಉತ್ತರಪತ್ರಿಕೆ ಮುಗಿದವು; ಹದಿನಾರರಲ್ಲೂ
‘ದ್ರವವು ತನ್ನ ಕುದಿಬಂಧುವಿಗಿಂತ ಕಡಿಮೆ ತಾಪದಲ್ಲಿ
ಆವಿಯಾಗುವುದೇ…’
ಬಿಂದು ಬಂಧುವಾದ
ಗೈಡಿನ ಅಚ್ಚುತಪ್ಪು ಸಮೇತ.
ಎರಡೆರಡು ಅಂಕ. ನನ್ನ ಕೆಂಪು ಪೆನ್ನಿಗೂ
ಬಾಯಿಪಾಠ.

ಹದಿನೇಳನೆಯದು:
“ನಮ್ಮನೆ ಮಡಕೆ ಬೆವರುತ್ತೆ ಸರ್. ಬೆವರಿದಷ್ಟೂ
ನೀರು ತಣ್ಣಗೆ.
ಅಪ್ಪ ಎಪಿಎಂಸಿಲಿ ಮೂಟೆ ಇಳಿಸಿ ಬಂದು
ಗಾಳಿಗೆ ನಿಂತಾಗಲೂ ಹಾಗೇ.
ಹೋಗೋ ನೀರು ಬಿಸೀನೂ ಕರ್ಕೊಂಡು ಹೋಗುತ್ತೆ
ಅಂತ ಕಾಣುತ್ತೆ.”

ಅಂತ ಕಾಣುತ್ತೆ!
ಮಾದರಿ ಉತ್ತರದಲ್ಲಿ
ಯಾರಿಗೂ ಏನೂ ಕಾಣುವುದಿಲ್ಲ.
ಪಕ್ಕದಿಂದ ಹಾಲಪ್ಪ ಮೇಷ್ಟ್ರು ಇಣುಕಿದರು:
“ಆವೀಕರಣ ಅನ್ನೋ ಪದಾನೇ ಇಲ್ಲ. ಸೊನ್ನೆ ಸುತ್ತಿ
ಮುಂದೆ ಹೋಗಿ ಮಾರಾಯ್ರೇ, ಕಟ್ಟು ಕಟ್ಟಬೇಕು.”

ನೀರಿನ ನೆಪ ಮಾಡಿ ಎದ್ದೆ.
ಮೂಲೆಯಲ್ಲಿ ಮಡಕೆ, ಕೊರಳಿಗೆ ಒದ್ದೆ ಬಟ್ಟೆ.
ಇಪ್ಪತ್ತೆರಡು ವರ್ಷ ಹೇಳಿಕೊಟ್ಟ ಪಾಠ;
ಅಂಗೈ ಇಟ್ಟು ನೋಡಿದ್ದು
ಇವತ್ತು.

ಎರಡು ಅಂಕ ಬರೆದೆ. ಯಾಕೆಂದು ಕೇಳಿದರೆ
ಹೇಳಬೇಕಾದ್ದು
ಇನ್ನೂ ನನಗೆ ಬಾಯಿಗೆ ಬಂದಿಲ್ಲ.
ಆ ಹಾಳೆಯ ಅಂಚಿನಲ್ಲಿ
ನನ್ನ ಒದ್ದೆ ಹೆಬ್ಬೆಟ್ಟಿನ ಗುರುತು
ನೋಡನೋಡುತ್ತ ಆರಿತು.